ಕೊಡೆಯ ಚಿತ್ರದ ಜೊತೆಗೆ ಹದವಾದ ಪದವೂ ಬೇಕು

ಮಾನ್ಯರೆ,

ಮಳೆಗಾಲ ಬಂತೆಂದರೆ ಪತ್ರಿಕೆಗಳ ಮಕ್ಕಳ ಪುಟದಲ್ಲಿ ಕೊಡೆ, ಕಪ್ಪೆಗಳ ಪಕ್ಕ ಚುಕ್ಕಿ ಅಕ್ಷರಗಳು ಕಾಣಿಸಿಕೊಳ್ಳುತ್ತವೆ. ಮನೆಯಲ್ಲಿ ಬರೆಸಲು ಎಷ್ಟೋ ಪೋಷಕರು ಇವನ್ನೇ ನೆಚ್ಚಿಕೊಂಡಿದ್ದಾರೆ. ಆದರೆ ಈಗಷ್ಟೇ ಒಂದನೇ ತರಗತಿಗೆ ಸೇರಿದ ಮಗುವಿಗೆ ‘ಮುಂಗಾರು’, ‘ಕಾಮನಬಿಲ್ಲು’ ಕೊಟ್ಟರೆ ಅದು ಬರೆಯುವುದಿಲ್ಲ, ಚಿತ್ರ ಬಿಡಿಸುತ್ತದೆ. ಚುಕ್ಕಿಗಳನ್ನು ಬಲದಿಂದಲೋ ಕೆಳಗಿನಿಂದಲೋ ಸೇರಿಸಿಬಿಡುತ್ತದೆ; ಅಕ್ಷರ ತಿರುಗುವ ದಾರಿ ಕೈಗೆ ಹತ್ತುವುದೇ ಇಲ್ಲ.

ಸರ್ಕಾರಿ ಶಾಲೆಯ ಚಿಕ್ಕ ತರಗತಿಗಳ ನಲಿಕಲಿ ಪದ್ಧತಿಯಲ್ಲಿ ಮೊದಲು ಬರುವ ಅಕ್ಷರಗಳು ರ, ಗ, ಸ, ದ, ಅ. ನಂತರ ಜ, ವ, ಮ, ಬ, ನ. ಆಮೇಲೆ ಪ, ಡ, ಟ ಮೊದಲಾದವು. ಇಷ್ಟರಲ್ಲೇ ಋತುವಿನ ಪದಗಳು ಸಿಗುತ್ತವೆ: ಹನಿ ಬೀಳುವ ಪಟಪಟ, ಚಳಿಗೆ ನಡುಗುವ ಗಡಗಡ, ಮಾವಿನ ರಸ. ಪಟಪಟದಲ್ಲಿ ‘ಟ’ ಎರಡು ಸಲ ಬರುವುದರಿಂದ ಯಾವುದು ಚೆನ್ನಾಗಿದೆ ಎಂದು ಮಗುವೇ ಹೋಲಿಸಿ ಹೇಳುತ್ತದೆ. ದೊಡ್ಡವರು ಕೆಂಪು ಪೆನ್ನು ಹಿಡಿಯಬೇಕಿಲ್ಲ. ಕೊಂಬು ಕಲಿತ ಮೇಲೆ ‘ಗುಡುಗು’ ಕೊಡಿ, ಒಂದೇ ಪದದಲ್ಲಿ ಮೂರು ಕೊಂಬು. ‘ಮಳೆ’ ಬರೆಸುವಾಗ ‘ಮ’ದ ಬಲಗಡೆಯ ಕೊಂಡಿ ಬಿಟ್ಟುಹೋಗಿ ‘ವಳೆ’ ಆಗುವುದುಂಟು. ಗುಡಿಸು ಕಲಿಯುವಾಗ ‘ಗ’ದ ತಲೆಕಟ್ಟನ್ನು ಹಾಗೇ ಉಳಿಸಿಕೊಂಡು ಅದರ ಮೇಲೆ ಸುತ್ತು ಹಾಕುವ ಮಕ್ಕಳೂ ಬಹಳ. ತಲೆಕಟ್ಟು ಹೋಗಿ ಅದರ ಜಾಗಕ್ಕೇ ಗುಡಿಸು ಬರುತ್ತದೆಂದು ಬರೆದು ತೋರಿಸಬೇಕು, ಬಾಯಲ್ಲಿ ಹೇಳಿದರೆ ಸಾಲದು. ಸಂಕ್ರಾಂತಿಯ ಎಳ್ಳು, ಕಬ್ಬು ಒತ್ತಕ್ಷರಕ್ಕೆ ಬಂದ ಮಕ್ಕಳಿಗಿರಲಿ.

ಬರೆಯುವ ಜಾಗವೂ ಋತುವಿನೊಂದಿಗೆ ಬದಲಾಗಬಹುದು. ಬೇಸಿಗೆಯಲ್ಲಿ ಸಿಮೆಂಟಿನ ಜಗಲಿಯ ಮೇಲೆ ಕುಂಚವನ್ನು ನೀರಿನಲ್ಲಿ ಅದ್ದಿ ಅಂಗೈಯಗಲದ ಅಕ್ಷರ ಬರೆಸಿ. ಒಣಗುವ ಮೊದಲು ಅದೇ ಗೆರೆಯ ಮೇಲೆ ಇನ್ನೊಮ್ಮೆ ತಿದ್ದಬೇಕು, ಆಟವೇ ಅದು. ಮಳೆಗಾಲಕ್ಕೆ ತಟ್ಟೆಯಲ್ಲಿ ಕಾಲು ಅಂಗುಲ ಉಪ್ಪಿಟ್ಟಿನ ರವೆ ಹರವಿ ಬೆರಳಿನಿಂದ ಬರೆಸಿ. ಚಿರೋಟಿ ರವೆ ಬೆರಳಿಗೆ ಅಂಟುತ್ತದೆ, ಅಕ್ಕಿಯಲ್ಲಿ ಗೆರೆ ನಿಲ್ಲುವುದಿಲ್ಲ. ತೇವಕ್ಕೆ ರವೆ ಗಂಟು ಕಟ್ಟಿದರೆ ಬೆಚ್ಚಗೆ ಹುರಿದು, ಆರಿಸಿ ಬಳಸಿ. ಧನುರ್ಮಾಸದಲ್ಲಿ ಸ್ಲೇಟಿನ ಮೇಲೆ ಮೂರು ಸಾಲು, ಸಾಲಿಗೆ ಮೂರು ಚುಕ್ಕಿ ಇಟ್ಟು ಎಳೆ ರಂಗೋಲಿ ಹಾಕಿಸಬಹುದು. ಚುಕ್ಕಿಯನ್ನು ಬಳಸಿ ಬರುವ ಆ ಸುತ್ತುಗಳೇ ನಮ್ಮ ದುಂಡು ಅಕ್ಷರಗಳಿಗೆ ಒಳ್ಳೆಯ ತಾಲೀಮು. ಬಳಪ ಒಂದಂಗುಲದ ಚೂರಾಗಿರಲಿ. ಉದ್ದದ ಬಳಪವನ್ನು ಮುಷ್ಟಿಯಲ್ಲಿ ಹಿಡಿಯುವ ಮಗು ಚೂರನ್ನು ಮೂರು ಬೆರಳಲ್ಲೇ ಹಿಡಿಯಬೇಕಾಗುತ್ತದೆ.

ದಿನಕ್ಕೆ ಹತ್ತು ನಿಮಿಷ ಸಾಕು. ಪುಸ್ತಕದಲ್ಲಿ ಬರೆಸುವಾಗ ಎರಡು ಗೆರೆಯದ್ದು ಕೊಡಿ. ಇಂಗ್ಲಿಷಿನ ನಾಲ್ಕು ಗೆರೆ ಕನ್ನಡಕ್ಕೆ ಹೊಂದುವುದಿಲ್ಲ.

ಇನ್ನು ಪತ್ರಿಕೆಗೆ ಒಂದು ಕೋರಿಕೆ. ಪದಗಳನ್ನು ಕಡಿಮೆ ಮಾಡಿ ಅಕ್ಷರಗಳನ್ನು ದೊಡ್ಡದಾಗಿ ಅಚ್ಚು ಮಾಡಿ. ಎಲ್ಲಿಂದ ಶುರು ಎಂದು ತೋರಿಸುವ ಒಂದು ದಪ್ಪ ಚುಕ್ಕಿ, ತಿರುವಿಗೊಂದು ಬಾಣ ಇರಲಿ. ‘ಪುಟದ ಮೇಲೆ ಬೆರಳಾಡಿಸಿ, ಸ್ಲೇಟಿನಲ್ಲಿ ಬರೆಯಿರಿ’ ಎಂಬ ಸೂಚನೆಯನ್ನೂ ಹಾಕಿ. ಪತ್ರಿಕೆಯ ಕಾಗದಕ್ಕೆ ರಬ್ಬರ್ ತಾಗಿದರೆ ತೂತು ಬೀಳುತ್ತದೆ.

– ನಲಿಕಲಿ ಶಿಕ್ಷಕಿಯರು, ತೀರ್ಥಹಳ್ಳಿ