ಗರಡಿಮನೆಯ ಸೂರು ಉಳಿಸಲು ಕೈಜೋಡಿಸಿ: ದೇಣಿಗೆ ಮನವಿ

ಗರಡಿಯ ಹಿರಿಯ ಪೈಲ್ವಾನರಿಗೆ, ಹಳೆಯ ಶಿಷ್ಯರಿಗೆ, ಮೈಸೂರಿನ ಕುಸ್ತಿ ಅಭಿಮಾನಿಗಳಿಗೆ ನಮಸ್ಕಾರ.

ಕಳೆದ ಮಳೆಗಾಲದಲ್ಲಿ ನಮ್ಮ ಗರಡಿಯ ಮಟ್ಟಿಗೆ, ಅಂದರೆ ಕುಸ್ತಿಯಾಡುವ ಮಣ್ಣಿನ ಅಖಾಡಕ್ಕೆ, ನೀರು ನುಗ್ಗಿತು. ಹೆಂಚಿನ ಕೆಳಗಿನ ತೊಲೆಗೆ ಗೆದ್ದಲು ಹಿಡಿದು ಒಂದು ಬದಿಯ ಸೂರು ಜಗ್ಗಿದೆ. ಆ ಸಂದಿಯಿಂದ ಇಳಿದ ನೀರಿಗೆ ಗೋಡೆಯ ಗಾರೆಯೂ ಕಳಚುತ್ತಿದೆ. ಹುಡುಗರು ಈಗ ಹೊರಗೆ ಟಾರ್ಪಾಲಿನ್ ಕಟ್ಟಿಕೊಂಡು ದಂಡ, ಬಸ್ಕಿ ಹೊಡೆಯುತ್ತಿದ್ದಾರೆ. ಇನ್ನೊಂದು ಮುಂಗಾರನ್ನು ಈ ಕಟ್ಟಡ ತಡೆದುಕೊಳ್ಳುವ ನಂಬಿಕೆ ನಮಗಿಲ್ಲ.

ಇಲ್ಲಿ ಸಾಮು ಮಾಡಿದವರಿಗೆ ಮಟ್ಟಿಯ ಬಗ್ಗೆ ಹೇಳಬೇಕಿಲ್ಲ. ಜರಡಿ ಹಿಡಿದ ಕೆಮ್ಮಣ್ಣಿಗೆ ಅರಿಶಿನ, ಕುಂಕುಮ, ಕರ್ಪೂರ, ಬೇವಿನ ಸೊಪ್ಪಿನ ಪುಡಿ, ಎಣ್ಣೆ ಬೆರೆಸಿ ಹದ ಮಾಡಿದ ನೆಲ ಅದು. ಬೆಳಿಗ್ಗೆ ಗುದ್ದಲಿ ಹಿಡಿದು ಅದನ್ನು ಅಗೆದು ಸಡಿಲಿಸುವುದು ಚಿಕ್ಕ ಹುಡುಗರ ಪಾಳಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳು ಬಿಡಿಸಿದರೆ ಉದುರಬೇಕು. ಉಸ್ತಾದರು ಹಾಗೆ ಹಿಡಿದು ನೋಡಿ ತಲೆಯಾಡಿಸುವ ತನಕ ಲಂಗೋಟಿ ಬಿಗಿದು ನಿಂತವರೂ ಒಳಗೆ ಕಾಲಿಡುತ್ತಿರಲಿಲ್ಲ. ಎಂಥ ಪೈಲ್ವಾನನಾದರೂ ಆ ತಗ್ಗು ಬಾಗಿಲಲ್ಲಿ ತಲೆ ಬಗ್ಗಿಸಿಯೇ ಬರಬೇಕು. ಆಂಜನೇಯನಿಗೂ ನಿಂಬುಜಾ ದೇವಿಗೂ ಕೈಮುಗಿದೇ ಕರೇಲ (ಸಾಮಿನಲ್ಲಿ ತಿರುಗಿಸುವ ಭಾರದ ಮರದ ದಿಮ್ಮಿ) ಎತ್ತಬೇಕು.

"ಹಳೇದನ್ನು ಕೆಡವಿ ಆರ್‌ಸಿಸಿ ಹಾಕಿಸಿಬಿಡಿ" ಎಂದು ಪ್ರೀತಿಯಿಂದಲೇ ಹೇಳುವವರಿದ್ದಾರೆ. ನಾವು ಒಪ್ಪಲಿಲ್ಲ. ಈ ದಪ್ಪ ಗೋಡೆ, ಸಣ್ಣ ಕಿಟಕಿಗಳಿಂದಲೇ ಬೇಸಿಗೆಯಲ್ಲೂ ಒಳಗೆ ತಂಪು ಉಳಿದು ಮಣ್ಣು ಬೇಗ ಒಣಗುವುದಿಲ್ಲ. ಮಣ್ಣು ಗಟ್ಟಿಯಾದರೆ ಬೀಳುವ ಹುಡುಗನ ಭುಜ, ಮೊಣಕಾಲಿಗೆ ಪೆಟ್ಟು. ಗಾರೆ ಗೋಡೆಗೆ ಸಿಮೆಂಟ್ ಬಳಿದರೂ ಕಷ್ಟವೇ: ತೇವ ಹೊರಹೋಗಲಾಗದೆ ಒಳಗೇ ನಿಂತು ಇಟ್ಟಿಗೆಯನ್ನು ತಿನ್ನುತ್ತದೆ. ಹಾಗಾಗಿ ಸುಣ್ಣದ ಗಾರೆಯಲ್ಲೇ ದುರಸ್ತಿ, ತೊಲೆ ಬದಲಾವಣೆ, ಒಡೆದ ಹೆಂಚಿಗೆ ಹೊಸ ಹೆಂಚು. ಗಾರೆ ಕೆಲಸ ಬಲ್ಲ ಮೇಸ್ತ್ರಿಗಳು ಈಗ ವಿರಳ, ಕೂಲಿಯೂ ಹೆಚ್ಚು. ನಮಗೆ ಹಣ ಸಾಲದಿರುವುದು ಮುಖ್ಯವಾಗಿ ಇಲ್ಲೇ.

ತಡಮಾಡಿದರೆ ಏನಾಗುತ್ತದೆಂದು ಮೈಸೂರಿಗರಿಗೆ ಗೊತ್ತು. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಗಳೇ ಹೋದವು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಬದಿ ಬಿತ್ತು. ನಮ್ಮ ಸೂರಿನ ಕೆಳಗೆ ಇರುವುದು ಮಕ್ಕಳು.

1638ರಿಂದ 1659ರವರೆಗೆ ಆಳಿದ ರಣಧೀರ ಕಂಠೀರವ ನರಸರಾಜ ಒಡೆಯರು ಸ್ವತಃ ಜಟ್ಟಿ ಎನಿಸಿಕೊಂಡವರು. ದಸರಾ ಕುಸ್ತಿಯ ದೊಡ್ಡ ಬಿರುದು ಇಂದಿಗೂ 'ದಸರಾ ಕಂಠೀರವ'. ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ಬಂದದ್ದೂ ಕುಸ್ತಿಯಲ್ಲೇ: 1952ರ ಹೆಲ್ಸಿಂಕಿಯಲ್ಲಿ ಕಂಚು ಗೆದ್ದ ಕೆ.ಡಿ. ಜಾಧವ್ ಮಣ್ಣಿನ ಅಖಾಡದಲ್ಲೇ ಬೆಳೆದವರು. ಈಗ ರಾಷ್ಟ್ರೀಯ, ಅಂತರರಾಷ್ಟ್ರೀಯ ಮಟ್ಟದ ಪಂದ್ಯಗಳು ಮ್ಯಾಟ್ ಮೇಲೆ ನಡೆಯುವುದರಿಂದ, ಹಣ ಕೂಡಿಬಂದರೆ ಪಕ್ಕದ ಕೋಣೆಗೊಂದು ಮ್ಯಾಟ್ ತರುವ ಆಸೆಯೂ ಇದೆ. ಆದರೆ ಸೂರು ಮೊದಲು.

ದಸರಾ ಕುಸ್ತಿಗೆ ಜೋಡಿ ಕಟ್ಟುವ ದಿನ ನಮ್ಮ ಗರಡಿಯ ಹೆಸರು ಕೂಗಿದಾಗ ಎದೆಯುಬ್ಬಿಸಿ ನಿಂತವರು ನೀವು. ಅಂದು ಹಾಲು, ಬಾದಾಮಿಗೆ ಕೈಯಲ್ಲಿ ಕಾಸಿಲ್ಲದ ಹುಡುಗರನ್ನು ಸಾಕಿದ್ದು ಈ ಬೀದಿಯ ಮನೆಗಳೇ. ಅದೇ ಸಲುಗೆಯಿಂದ ಕೇಳುತ್ತಿದ್ದೇವೆ. ನಿಮ್ಮ ಶಕ್ತಿಗೆ ತಕ್ಕಷ್ಟು ಕೊಡಿ. 2,000 ರೂ.ಗಿಂತ ಹೆಚ್ಚಿನ ನಗದು ದೇಣಿಗೆಗೆ ತೆರಿಗೆ ವಿನಾಯಿತಿ ಸಿಗದ ಕಾರಣ ದೊಡ್ಡ ಮೊತ್ತವನ್ನು ಚೆಕ್ ಅಥವಾ ಬ್ಯಾಂಕ್ ಮೂಲಕವೇ ನೀಡಿ, ರಸೀದಿ ಕೇಳಿ ಪಡೆಯಿರಿ. ದುರಸ್ತಿಯ ಅಂದಾಜು ಪಟ್ಟಿಯನ್ನು ಬಾಗಿಲ ಬಳಿ ಅಂಟಿಸಿದ್ದೇವೆ. ಬಂದ ಹಣ, ಆದ ಖರ್ಚನ್ನೂ ಅಲ್ಲೇ ಬರೆಯುತ್ತೇವೆ.

ಹಣ ಕೊಡಲಾಗದವರು ಮರ, ಹೆಂಚು, ಸುಣ್ಣ ಕೊಡಬಹುದು, ಒಂದು ದಿನ ಬಂದು ಮಣ್ಣು ಹೊರಬಹುದು. ಮನೆಯ ಅಟ್ಟದಲ್ಲಿ ಅಜ್ಜ, ಅಪ್ಪಂದಿರ ಗದೆ, ಕರೇಲ, ಕುಸ್ತಿಯ ಹಳೆಯ ಫೋಟೋ ಇದ್ದರೆ ದಯವಿಟ್ಟು ತನ್ನಿ. ಫೋಟೋಗಳ ನಕಲು ತೆಗೆದು ಹಿಂದಿರುಗಿಸುತ್ತೇವೆ. ಬೆಳಿಗ್ಗೆ, ಸಂಜೆ ಸಾಮಿನ ಹೊತ್ತಿನಲ್ಲಿ ಗರಡಿಯಲ್ಲಿ ಯಾರಾದರೂ ಇದ್ದೇ ಇರುತ್ತಾರೆ.

ಗರಡಿಮನೆ ಜೀರ್ಣೋದ್ಧಾರ ಸಮಿತಿಯ ಪರವಾಗಿ