ಮದುವೆಗೆ ಮುಂಚೆ ಲೇಸರ್ ಬೇಡ ಮಾರಾಯ

ಸಿದ್ದಾಪುರ, ಕೊಡಗು

ಪ್ರೀತಿಯ ಗೆಳೆಯ,

ನಿನ್ನ ವಾಟ್ಸಾಪ್ ಮೆಸೇಜಿಗೆ ಎರಡು ಸಾಲಿನಲ್ಲಿ ಉತ್ತರ ಕೊಡಲು ಆಗಲಿಲ್ಲ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಮೊನ್ನೆ ಹೂಮಳೆ ಚೆನ್ನಾಗಿ ಬಿತ್ತು. ತೋಟವೆಲ್ಲ ಬೆಳ್ಳಗೆ ಅರಳಿದೆ, ಮನೆಯೊಳಗೆಲ್ಲ ಕಾಫಿ ಹೂವಿನ ಪರಿಮಳ. ಸ್ಪ್ರಿಂಕ್ಲರಿನ ಡೀಸೆಲ್ ಖರ್ಚೂ ಉಳಿಯಿತು. ಹಾಗಾಗಿ ಅಪ್ಪನ ಮುಖದಲ್ಲಿ ನಗು, ನನಗೆ ನಾಲ್ಕು ದಿನ ಬಿಡುವು.

ಮೇ ತಿಂಗಳಲ್ಲಿ ಮದುವೆ, ಅಷ್ಟರಲ್ಲಿ ಕೆನ್ನೆಯ ಮೊಡವೆ ಗುಳಿಗಳೆಲ್ಲ ಹೋಗಬೇಕು, ಲೇಸರ್ ಮಾಡಿಸಲಾ ಅಂತ ಕೇಳಿದ್ದೀಯ. ಆರು ಸಿಟ್ಟಿಂಗಿನ ಪ್ಯಾಕೇಜ್, ಈ ವಾರ ದುಡ್ಡು ಕಟ್ಟಿದರೆ ಡಿಸ್ಕೌಂಟ್ ಅಂದರಂತೆ. ಕಟ್ಟಬೇಡ. ಲೆಕ್ಕ ನೀನೇ ಹಾಕು. ಒಂದು ಸಿಟ್ಟಿಂಗಿಗೂ ಇನ್ನೊಂದಕ್ಕೂ ನಡುವೆ ಸಾಮಾನ್ಯವಾಗಿ 4ರಿಂದ 6 ವಾರ ಬಿಡಬೇಕು. ಮೇ ಒಳಗೆ ಆರು ಎಲ್ಲಿಂದ ಬರುತ್ತದೆ? ಇಷ್ಟು ಸಣ್ಣ ಲೆಕ್ಕವನ್ನೂ ನಿನಗೆ ಹೇಳದೆ ದುಡ್ಡು ಕೇಳಿದ್ದಾರೆ ಅಂದರೆ ನನಗೆ ಅಲ್ಲಿಗೇ ಅನುಮಾನ.

ನನ್ನ ಕಥೆ ನಿನಗೆ ಅರ್ಧ ಮಾತ್ರ ಗೊತ್ತು. ಆ ವರ್ಷ ಪುತ್ತರಿ ಹಬ್ಬಕ್ಕೆ ಬಂದಾಗ ನನ್ನ ಮುಖ ನೋಡಿ 'ಏನೋ ಇದು, ಬಂಗು ಬಂದಿದೆಯಾ' ಅಂದಿದ್ದೆ, ನೆನಪಿದೆಯಾ? ಅದು ಬಂಗು ಅಲ್ಲ, ಲೇಸರಿನ ಫಲ. ಜನವರಿಯಲ್ಲಿ ಒಂದು ಕ್ಲಿನಿಕ್ಕಿಗೆ ಹೋಗಿದ್ದೆ. ಹೆಸರು ಬೇಡ. ಗಾಜಿನ ಬಾಗಿಲು, ಒಳಗೆ ಹೂವಿನ ಕುಂಡ, ಬಿಳಿ ಕೋಟು ಹಾಕಿದ ಒಬ್ಬಳು ಹುಡುಗಿ. ಅವಳು ಡಾಕ್ಟರ್ ಅಲ್ಲ ಅಂತ ನನಗೆ ಆಮೇಲೆ ತಿಳಿಯಿತು. ಮುಖ ನೋಡುವ ಮೊದಲೇ ರೇಟ್ ಕಾರ್ಡ್ ತೋರಿಸಿದಳು. ಡಾಕ್ಟರ್ ಎರಡು ನಿಮಿಷ ಬಂದು ಹೋದರು. ಮರಗಟ್ಟುವ ಕ್ರೀಮ್ ಹಚ್ಚಿ ಒಂದು ಗಂಟೆ ಕೂರಿಸಿದರು. ಆಮೇಲೆ ಮಿಷನ್ ಹಿಡಿದದ್ದೂ ಅದೇ ಹುಡುಗಿ. ಟಕ್ ಟಕ್ ಅಂತ ಸದ್ದು, ಕೂದಲು ಸುಟ್ಟ ಹಾಗೆ ವಾಸನೆ, ಮುಖಕ್ಕೆ ಮೆಣಸಿನಪುಡಿ ಎರಚಿದ ಹಾಗೆ ಉರಿ. ಅದನ್ನೆಲ್ಲ ತಡೆದುಕೊಳ್ಳಬಹುದು. ಆದರೆ ನಾನು ಏನು ಕೆಲಸ ಮಾಡುತ್ತೇನೆ ಅಂತ ಒಬ್ಬರೂ ಕೇಳಲಿಲ್ಲ.

ಜನವರಿಯಲ್ಲಿ ನಮ್ಮ ಕೆಲಸ ಏನು ಅಂತ ನಿನಗೆ ಹೇಳಬೇಕಾ? ಮೂರನೇ ದಿನಕ್ಕೇ ಕಣದಲ್ಲಿ ನಿಂತಿದ್ದೆ. ಕಣದ ತುಂಬ ರೊಬಸ್ಟಾ ಕಾಫಿ ಒಣಗಲು ಹರಡಿತ್ತು. ಅದನ್ನು ಗಂಟೆಗೊಮ್ಮೆ ಕೈಯಾಡಿಸಬೇಕು. ಮೇಲಿನಿಂದ ಬಿಸಿಲು, ಕೆಳಗಿನಿಂದ ಸಿಮೆಂಟಿನ ಝಳ. ತಲೆಗೆ ಟವೆಲ್ ಸುತ್ತಿದ್ದೆ, ಕೆನ್ನೆಗೆ ಏನೂ ಇಲ್ಲ. ಒಂದು ವಾರಕ್ಕೆ ಹಕ್ಕಳೆ ಉದುರಿತು. ಎರಡು ವಾರಕ್ಕೆ ಎರಡೂ ಕೆನ್ನೆ ಮೇಲೆ ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ ಸಾಲು ಸಾಲು ಕಂದು ಚುಕ್ಕಿ. ಫೋನ್ ಮಾಡಿದರೆ 'ನಿಮ್ಮ ಸ್ಕಿನ್ ಟೈಪೇ ಹಾಗೆ ಸರ್' ಅಂದರು. ಆ ಮಾತನ್ನು ದುಡ್ಡು ತೆಗೆದುಕೊಳ್ಳುವ ಮೊದಲು ಹೇಳಬೇಕಿತ್ತು ಅಲ್ವಾ? ಮೂರು ಮೂಟೆ ಕಾಫಿ ಮಾರಿದ ದುಡ್ಡು ಅದು. ಕಪ್ಪು ಇಳಿಯಲು ಹತ್ತಿರ ಹತ್ತಿರ ಒಂದು ವರ್ಷ ಬೇಕಾಯಿತು.

ಆಮೇಲೆ ಸಿಕ್ಕಿದ್ದು ಮೈಸೂರಿನ ಡಾಕ್ಟರ್ ಮೇಡಂ. ಅವರು ಮಾಡಿದ ಮೊದಲ ಕೆಲಸ, ಟ್ಯೂಬ್‌ಲೈಟ್ ಆರಿಸಿದ್ದು. ಪಕ್ಕದಿಂದ ಟಾರ್ಚ್ ಹಿಡಿದು ನೋಡಿದರು. ಎರಡು ಬೆರಳಲ್ಲಿ ಚರ್ಮ ಎಳೆದು ನೋಡಿದರು. ಯಾವ ಕ್ರೀಮ್ ಹಚ್ಚುತ್ತಿದ್ದೆ, ಯಾವ ಮಾತ್ರೆ ನುಂಗಿದ್ದೆ, ಗಾಯವಾದರೆ ಎಷ್ಟು ದಿನ ಕಪ್ಪು ಉಳಿಯುತ್ತದೆ, ಎದೆ ಮೇಲೆ, ಭುಜದ ಮೇಲೆ ಉಬ್ಬಿದ ಗಾಯದ ಗುರುತು ಇದೆಯಾ, ತುಟಿ ಮೇಲೆ ಜ್ವರದ ಗುಳ್ಳೆ ಏಳುತ್ತದಾ, ಎಲ್ಲ ಕೇಳಿದರು. ಲೇಸರ್ ಮಾಡಿದಾಗ ಆ ಗುಳ್ಳೆ ಮತ್ತೆ ಏಳಬಹುದಂತೆ, ಮೊದಲೇ ಹೇಳಿದರೆ ಮಾತ್ರೆ ಕೊಡುತ್ತಾರಂತೆ. ಕೊನೆಗೆ ಕೆಲಸ ಏನು ಅಂತ ಕೇಳಿದರು. ಹೇಳಿದೆ. 'ಹಾಗಾದರೆ ಈಗ ಬೇಡ. ಮೊದಲು ಇರುವ ಮೊಡವೆ ನಿಲ್ಲಲಿ. ಮಳೆ ಹಿಡಿದ ಮೇಲೆ ಜೂನಿನಲ್ಲಿ ಬನ್ನಿ' ಅಂದರು.

ನಿಜ ಹೇಳಲಾ? ಸಿಟ್ಟು ಬಂತು. ಬೆಳಿಗ್ಗೆ ಮೊದಲ ಬಸ್ಸು ಹತ್ತಿ ಹೋಗಿದ್ದೆ. ಬರೀ ಕನ್ಸಲ್ಟೇಷನ್ ಫೀಸ್ ಕೊಟ್ಟು ಬರಿಗೈಲಿ ವಾಪಸ್. ಪಿರಿಯಾಪಟ್ಟಣ ದಾಟುವವರೆಗೂ ಗೊಣಗಿಕೊಂಡೇ ಕೂತಿದ್ದೆ. ಆದರೆ ದುಡ್ಡು ಕೊಡುತ್ತೇನೆ ಅಂದರೂ ಬೇಡ ಅಂದವರು ಅವರೊಬ್ಬರೇ ಅಂತ ಹೊಳೆದದ್ದು ಮನೆಗೆ ಬಂದ ಮೇಲೆ.

ಜೂನಿನಲ್ಲಿ ಹೋದಾಗ ಪೇಪರ್ ಮೇಲೆ ಚಿತ್ರ ಬರೆದು ತಿಳಿಸಿದರು. ಎಲ್ಲ ಗುಳಿಯೂ ಒಂದೇ ಅಲ್ಲವಂತೆ. ನಾನು ನನ್ನ ಭಾಷೆಯಲ್ಲಿ ಅರ್ಥ ಮಾಡಿಕೊಂಡಿದ್ದೇನೆ, ಕೇಳು. ಒಂದು ಜಾತಿ, ಬೆರಿ ಬೋರರ್ ಹುಳ ಕಾಫಿ ಹಣ್ಣಿನ ಮೂತಿಗೆ ಕೊರೆದ ತೂತಿನ ಹಾಗೆ. ಬಾಯಿ ಸಣ್ಣದು, ಆಳ ಜಾಸ್ತಿ. ಇಂಗ್ಲಿಷಿನಲ್ಲಿ ಐಸ್ ಪಿಕ್ ಅನ್ನುತ್ತಾರೆ. ಅದಕ್ಕೆ ಬರೀ ಲೇಸರ್ ಅಷ್ಟಾಗಿ ನಾಟುವುದಿಲ್ಲ. ಟಿಸಿಎ ಅನ್ನುವ ಗಟ್ಟಿ ಆಸಿಡ್ಡನ್ನು ಕಡ್ಡಿ ತುದಿಯಲ್ಲಿ ಆ ತೂತಿಗೆ ಮಾತ್ರ ಮುಟ್ಟಿಸುತ್ತಾರೆ. ಮನೆಯಲ್ಲಿ ಮಾಡುವ ಕೆಲಸ ಅಲ್ಲ ಅದು, ಆನ್‌ಲೈನಿನಲ್ಲಿ ಬಾಟಲಿ ಸಿಗುತ್ತದೆ ಅಂತ ತರಿಸಬೇಡ. ಇನ್ನೊಂದು ಜಾತಿ, ಚಿಕನ್‌ಪಾಕ್ಸ್ ಆದವರ ಮುಖದಲ್ಲಿರುವ ಹಾಗೆ, ಅಂಚು ನೆಟ್ಟಗೆ ಕಡಿದ ಗುಳಿ. ಅದು ಬಾಕ್ಸ್‌ಕಾರ್. ಹೆಚ್ಚು ಆಳವಿಲ್ಲದಿದ್ದರೆ ಲೇಸರಿಗೆ ಚೆನ್ನಾಗಿ ಬಗ್ಗುತ್ತದೆ. ಮೂರನೆಯದು ರೋಲಿಂಗ್. ನಮ್ಮ ಬಾಣೆ ಜಾಗದ ಹಾಗೆ ಮೆಲ್ಲಗೆ ಏರಿಳಿತ. ಅದರ ಅಡಿಯಲ್ಲಿ ನಾರಿನಂಥ ಎಳೆಗಳು ಚರ್ಮವನ್ನು ಒಳಕ್ಕೆ ಎಳೆದು ಹಿಡಿದಿರುತ್ತವೆ. ಸೂಜಿ ತೂರಿಸಿ ಅವನ್ನು ಕತ್ತರಿಸಿದರೆ ಚರ್ಮ ಮೇಲೇಳುತ್ತದೆ. ಸಬ್‌ಸಿಶನ್ ಅಂತ ಅದರ ಹೆಸರು. ನನ್ನ ಕೆನ್ನೆಯಲ್ಲಿ ಮೂರೂ ಇದ್ದವು. ಮೊದಲ ಕ್ಲಿನಿಕ್ಕಿನಲ್ಲಿ ಮೂರಕ್ಕೂ ಒಂದೇ ಮದ್ದು ಬಡಿದಿದ್ದರು.

ಗುಳಿ ಇಲ್ಲದೆ ಬರೀ ಕಪ್ಪು ಕಲೆ ಇದ್ದರೆ ಅದು ಬೇರೆಯೇ ಲೆಕ್ಕ. ಕೈಯಾಡಿಸಿ ನೋಡು. ನುಣ್ಣಗಿದ್ದರೆ ಅದು ಬಣ್ಣ ಅಷ್ಟೇ, ಬಿಸಿಲು ತಪ್ಪಿಸಿ ಕ್ರೀಮ್ ಹಚ್ಚಿದರೆ ಕೆಲವು ತಿಂಗಳಲ್ಲಿ ತಿಳಿಯಾಗುತ್ತದೆ. ಅದಕ್ಕೆಲ್ಲ ಗುಳಿ ತುಂಬಿಸುವ ಲೇಸರ್ ಯಾರಾದರೂ ಹೊಡೆಸುತ್ತಾರಾ?

ಲೇಸರ್ ಹೇಗೆ ಕೆಲಸ ಮಾಡುತ್ತದೆ ಅಂತ ಕೇಳಿದ್ದೆಯಲ್ಲ. ಗುಳಿಗೆ ಹೆಚ್ಚಾಗಿ ಬಳಸುವುದು ಫ್ರಾಕ್ಷನಲ್ ಸಿಒ2, ಅಂದರೆ ಕಾರ್ಬನ್ ಡೈಆಕ್ಸೈಡ್ ಲೇಸರ್. ಅದರ ಬೆಳಕಿನ ಅಲೆಯ ಉದ್ದ 10,600 ನ್ಯಾನೋಮೀಟರ್. ಚರ್ಮದಲ್ಲಿರುವ ನೀರು ಅದನ್ನು ಹೀರಿ ಆ ಜಾಗ ಕ್ಷಣದಲ್ಲಿ ಆವಿಯಾಗುತ್ತದೆ. ಹಿಂದೆ ಮೇಲಿನ ಪದರವನ್ನೇ ಪೂರ್ತಿ ಕೆರೆದು ತೆಗೆಯುತ್ತಿದ್ದರು. ಇಳಿಜಾರಿನ ಮರವೆಲ್ಲ ಕಡಿದು ಬೋಳು ಮಾಡಿದರೆ ಏನಾಗುತ್ತದೆ ಅಂತ 2018ರ ಮಳೆಗೆ ಗುಡ್ಡ ಕುಸಿದ ನಂತರ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಚರ್ಮವೂ ಹಾಗೇ, ವಾಸಿಯಾಗಲು ವಾರಗಟ್ಟಲೆ ಹಿಡಿಯುತ್ತಿತ್ತು. 2004ರಲ್ಲಿ ಫ್ರಾಕ್ಷನಲ್ ಅನ್ನುವ ಉಪಾಯ ಬಂತು. ಕಾಫಿ ಗಿಡ ನೆಡುವಾಗ ತೋಟ ಪೂರ್ತಿ ಅಗೆಯದೆ ಅಲ್ಲಲ್ಲಿ ಗುಂಡಿ ತೆಗೆಯುತ್ತೇವಲ್ಲ, ಹಾಗೆ. ಸಾವಿರಾರು ಸಣ್ಣ ತೂತು, ನಡುವೆ ಮುಟ್ಟದ ಚರ್ಮ. ಆ ಮುಟ್ಟದ ಚರ್ಮವೇ ಗಾಯ ಮುಚ್ಚುತ್ತದೆ. ಒಳಗೆ ಹೊಸ ಕೊಲಾಜೆನ್, ಅಂದರೆ ಚರ್ಮಕ್ಕೆ ಬಲ ಕೊಡುವ ನಾರು, ಕಟ್ಟಿಕೊಳ್ಳಲು ಮೂರರಿಂದ ಆರು ತಿಂಗಳು ಬೇಕು. ಹಾಗಾಗಿ ಈಗ ಮಾಡಿಸಿದರೂ ಮಂಟಪದಲ್ಲಿ ಕಾಣುವುದು ಗುಣ ಅಲ್ಲ, ಕೆಂಪು ಮತ್ತು ಕಪ್ಪು.

ಕಪ್ಪು ಯಾಕೆ ಅಂದರೆ ನಮ್ಮದು ಕಂದು ಮೈ. ಬಿಸಿ ತಾಗಿದರೆ ಬಣ್ಣ ಮಾಡುವ ಜೀವಕೋಶಗಳು ರೊಚ್ಚಿಗೇಳುತ್ತವೆ. ಬಿಸಿಲು ಸೇರಿದರೆ ಇನ್ನೂ ಜಾಸ್ತಿ. ಅದಕ್ಕೇ ಮೇಡಂ ಮೊದಲು ಕಿವಿಯ ಹತ್ತಿರ ಸಣ್ಣ ಜಾಗದಲ್ಲಿ ಮಾಡಿ ನೋಡಿದರು. ಆಮೇಲೆ ತೂತುಗಳನ್ನು ವಿರಳವಾಗಿ ಇಟ್ಟು, ನಡುವೆ ಎಂಟು ವಾರ ಬಿಟ್ಟು ಮಾಡಿದರು. ಮಳೆಗಾಲದಲ್ಲೂ ಸನ್‌ಸ್ಕ್ರೀನ್ ಬಿಡಬಾರದು ಅಂದರು. ಮೂರು ತಿಂಗಳು ಸೂರ್ಯನ ಮುಖವೇ ಕಾಣದ ಊರಲ್ಲಿ ಅದನ್ನು ಹಚ್ಚಿಕೊಂಡು ತಿರುಗಿದರೆ ಅಮ್ಮ ನಗುತ್ತಿದ್ದಳು. ಮೋಡದ ಒಳಗಿಂದಲೂ ಬಿಸಿಲಿನ ಕಿರಣ ಬರುತ್ತದೆ, ಏನು ಮಾಡುವುದು?

ಇನ್ನೊಂದು ವಿಷಯ. ನೀನು ಮೆಡಿಕಲ್ ಶಾಪಿನಿಂದ ತಂದು ಹಚ್ಚುವ ಆ ಬೆಳ್ಳಗಾಗುವ ಕ್ರೀಮಿನ ಟ್ಯೂಬ್ ಹಿಂದೆ ಓದು. ಬೆಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಅಂತ ಏನಾದರೂ ಇದ್ದರೆ ಅದು ಸ್ಟೀರಾಯ್ಡ್. ಮೊದಲ ವಾರ ಮುಖ ಫಳಫಳ ಅನ್ನುತ್ತದೆ. ಆಮೇಲೆ ಚರ್ಮ ತೆಳ್ಳಗಾಗಿ, ಕೆಂಪಾಗಿ, ಮೊಡವೆಯೂ ಅದರಿಂದಲೇ ಏಳುತ್ತದೆ. ನಾನು ಕಾಲೇಜಿನಲ್ಲಿ ಎರಡು ವರ್ಷ ಹಚ್ಚಿದ್ದೆ, ಅರ್ಧ ಗುಳಿ ಅದರದ್ದೇ ಅಂತ ನನ್ನ ಅನುಮಾನ. 2018ರಿಂದ ಇಂಥ ಕ್ರೀಮುಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರುವಂತಿಲ್ಲ. ಆದರೂ ಕೇಳಿದರೆ ಕೊಡುತ್ತಾರೆ. ಒಮ್ಮೆಲೇ ನಿಲ್ಲಿಸಿದರೂ ಮುಖ ಕೆರಳಬಹುದು, ಅದನ್ನೂ ಡಾಕ್ಟರಿಗೆ ಹೇಳಿಯೇ ನಿಲ್ಲಿಸು.

ನೀನು ಮೊಡವೆಗೆ ನುಂಗುತ್ತಿರುವ ಐಸೋಟ್ರೆಟಿನಾಯಿನ್ ಮಾತ್ರೆ ವಿಷಯವನ್ನೂ ಮುಚ್ಚಿಡಬೇಡ. ಹಿಂದೆ ಅದನ್ನು ನಿಲ್ಲಿಸಿ ಆರು ತಿಂಗಳು ಕಾಯಬೇಕು ಅನ್ನುತ್ತಿದ್ದರು. ಈಗ ಎಲ್ಲ ಲೇಸರಿಗೂ ಅಷ್ಟು ಕಾಯಬೇಕಿಲ್ಲ ಅನ್ನುವ ತಜ್ಞರಿದ್ದಾರೆ. ನಿನಗೆ ಯಾವುದು ಸರಿ ಅಂತ ಮುಖ ನೋಡಿದ ಡಾಕ್ಟರ್ ಹೇಳಬೇಕು. ಮತ್ತೆ, ನಿನ್ನ ತಂಗಿಗೂ ಮೊಡವೆ ಅಂತ ಆ ಮಾತ್ರೆ ಹಂಚಬೇಡ. ಬಸುರಿಯಾದರೆ ಮಗುವಿಗೆ ತುಂಬ ಅಪಾಯ.

ಡಾಕ್ಟರ್ ಹುಡುಕುವುದು ಹೇಗೆ ಅಂದರೆ, ಬೋರ್ಡಿನಲ್ಲಿ ಹೆಸರಿನ ಮುಂದೆ ಏನಿದೆ ನೋಡು. ಚರ್ಮರೋಗದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪ್ಲೊಮಾ ಇರಬೇಕು. ಬರೀ ಕಾಸ್ಮೆಟಾಲಜಿ ಸರ್ಟಿಫಿಕೇಟ್ ಸಾಲದು. ಕರ್ನಾಟಕ ಮೆಡಿಕಲ್ ಕೌನ್ಸಿಲಿನ ನೋಂದಣಿ ನಂಬರ್ ಕೇಳಿದರೆ ಯಾವ ಒಳ್ಳೆಯ ಡಾಕ್ಟರೂ ಬೇಜಾರು ಮಾಡುವುದಿಲ್ಲ. ಮಿಷನ್ ಯಾರು ಹಿಡಿಯುತ್ತಾರೆ ಅಂತ ನೇರವಾಗಿ ಕೇಳು. ಕಪ್ಪಾದರೆ ಏನು ಮಾಡುತ್ತೀರಿ ಅಂತಲೂ ಕೇಳು. 'ಏನೂ ಆಗಲ್ಲ ಸರ್' ಅಂದರೆ ಎದ್ದು ಬಾ. ಮಿಷನ್ ಯಾವ ದೇಶದ್ದು ಅಂತ ಕೇಳಿ ಏನೂ ಉಪಯೋಗವಿಲ್ಲ, ನಾನು ಕೇಳಿ ಮೋಸ ಹೋದವನು. ದೂರ ಓಡುವ ಮೊದಲು ಮಡಿಕೇರಿಯ ಮೆಡಿಕಲ್ ಕಾಲೇಜು ಆಸ್ಪತ್ರೆಯ ಚರ್ಮದ ವಿಭಾಗದಲ್ಲಿ ಒಮ್ಮೆ ತೋರಿಸು. ಓಪಿಡಿ ಚೀಟಿ ಮಾಡಿಸಿ ಕ್ಯೂ ನಿಲ್ಲಬೇಕು, ಆದರೆ ಅಲ್ಲಿ ಯಾರೂ ನಿನಗೆ ಪ್ಯಾಕೇಜ್ ಮಾರುವುದಿಲ್ಲ.

ನನಗೆ ನಾಲ್ಕು ಸಿಟ್ಟಿಂಗ್ ಆಯಿತು, ಜೊತೆಗೆ ಎರಡು ಸಲ ಆ ಸಬ್‌ಸಿಶನ್ ಸೂಜಿ. ಪೂರ್ತಿ ಹೋಗಿಲ್ಲ. ಹೋಗುವುದಿಲ್ಲ ಅಂತ ಅವರು ಮೊದಲೇ ಹೇಳಿದ್ದರು. ಸಂಜೆಯ ಓರೆ ಬಿಸಿಲಿನಲ್ಲಿ ಈಗಲೂ ಗುಳಿ ಕಾಣುತ್ತದೆ. ಆದರೆ ಕ್ಷೌರದಂಗಡಿ ಕನ್ನಡಿ ಮುಂದೆ ಕೂತಾಗ ಈಗ ಕಣ್ಣು ಮುಚ್ಚಿಕೊಳ್ಳುವುದಿಲ್ಲ.

ಇನ್ನು ನಿನ್ನ ಮದುವೆ. ಫೋಟೋಗ್ರಾಫರಿಗೆ ಹೇಳು, ಲೈಟ್ ಎದುರಿನಿಂದ ಇಡಲಿ, ಪಕ್ಕದಿಂದ ಬೇಡ. ಮೇಡಂ ಟಾರ್ಚಿನ ಪಾಠ ಅದು, ತಲೆಕೆಳಗು ಮಾಡಿದೆ ಅಷ್ಟೇ. ಹುಡುಗಿ ನಿನ್ನನ್ನು ಈ ಮುಖದಲ್ಲೇ ಎರಡು ವರ್ಷದಿಂದ ನೋಡುತ್ತಿದ್ದಾಳೆ. ಜೂನಿನಲ್ಲಿ ಮಳೆ ಹಿಡಿದ ಮೇಲೆ ಇಬ್ಬರೂ ಬನ್ನಿ, ನಮ್ಮ ಮನೆಯಲ್ಲಿ ಉಳಿದು ಮೈಸೂರಿಗೆ ಹೋಗೋಣ. ಅಮ್ಮ ಕಣಿಲೆ ಪಲ್ಯ ಮಾಡುತ್ತಾಳಂತೆ. ಅಷ್ಟರಲ್ಲಿ ಆ ಟ್ಯೂಬಿನ ಹಿಂದಿನ ಫೋಟೋ ತೆಗೆದು ಕಳಿಸು, ಇವತ್ತೇ.

ನಿನ್ನ ಗೆಳೆಯ