ಬಾನೆಟ್ ಎತ್ತುವ ಮೊದಲು ಆರ್‌ಸಿ ಕೇಳಿ

ಮಾನ್ಯ ಸಂಪಾದಕರೇ,

ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಕಾರು ಮಾರುವವರಿಗೆ ಬರವಿಲ್ಲ. ಮುಖ್ಯರಸ್ತೆಗೆ ಒಂದು ಖಾಲಿ ಸೈಟು ಸಿಕ್ಕರೆ ಸಾಕು, ನಾಲ್ಕು ಕಾರು ತೊಳೆದು ನಿಲ್ಲಿಸಿ 'ಸಿಂಗಲ್ ಓನರ್, ಡಾಕ್ಟರ್ ಓಡಿಸಿದ್ದು ಸಾರ್' ಅಂತ ಶುರು ಮಾಡುತ್ತಾರೆ. (ಈ ಊರಿನ ಹಳೇ ಕಾರುಗಳನ್ನೆಲ್ಲ ಡಾಕ್ಟರುಗಳೇ ಓಡಿಸಿರಬೇಕು!) ನಾವೂ ಬಣ್ಣ, ಸೀಟ್ ಕವರ್ ನೋಡಿ ಅಡ್ವಾನ್ಸ್ ಕೊಟ್ಟುಬಿಡುತ್ತೇವೆ.

ರೇಟು ತೀರಾ ಕಡಿಮೆ ಇದ್ದರೆ ಮೊದಲು ಕೇಳಬೇಕಾದ್ದು ಆರ್‌ಸಿ ಯಾರ ಹೆಸರಲ್ಲಿದೆ ಅಂತ. ಎಷ್ಟೋ ಸಲ ಮೂಲ ಮಾಲೀಕರು ಹೆಸರು ವರ್ಗಾವಣೆಯ ಫಾರಂ 29, 30ಕ್ಕೆ ಸುಮ್ನೆ ಖಾಲಿ ಸಹಿ ಹಾಕಿ ಹೋಗಿರುತ್ತಾರೆ, ಆ ಕಾಗದದ ಮೇಲೆಯೇ ಗಾಡಿ ಎರಡು ಮೂರು ಕೈ ದಾಟಿರುತ್ತದೆ, ಇಲಾಖೆಯ ದಾಖಲೆಯಲ್ಲಿ ಮಾತ್ರ ಹಳೇ ಹೆಸರೇ ಕೂತಿರುತ್ತದೆ. ನಮ್ಮ ಪರಿಚಯದವರೊಬ್ಬರು ಹೀಗೇ ಕಾರು ಮಾರಿ, ಯಾರೋ ಸಿಗ್ನಲ್ ಹಾರಿಸಿದ್ದಕ್ಕೆ ಈಗಲೂ ದಂಡದ ಮೆಸೇಜ್ ನೋಡುತ್ತಿದ್ದಾರೆ. ದಂಡವಾದರೂ ಪರವಾಗಿಲ್ಲ. ಅಪಘಾತವಾದರೆ ಆರ್‌ಸಿಯಲ್ಲಿ ಹೆಸರಿರುವವರೇ ಪರಿಹಾರಕ್ಕೆ ಹೊಣೆ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಕೊಂಡವರ ಪಾಡೂ ಅಷ್ಟೇ. ಹಳೇ ಸಾಲ ತೀರಿಲ್ಲದಿದ್ದರೆ ಬ್ಯಾಂಕಿನ ಎನ್‌ಒಸಿ (ನಮ್ಮ ಅಭ್ಯಂತರವಿಲ್ಲ ಅನ್ನುವ ಪತ್ರ) ಇಲ್ಲದೆ ಗಾಡಿ ನಿಮ್ಮ ಹೆಸರಿಗೆ ಆಗುವುದಿಲ್ಲ. ಇದನ್ನೆಲ್ಲ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಅಲ್ಲೇ ನಿಂತು ನೋಡಬಹುದು, ಇನ್ಶೂರೆನ್ಸ್ ಯಾವಾಗ ಮುಗಿಯುತ್ತದೆ ಅನ್ನುವುದೂ ತಿಳಿಯುತ್ತದೆ.

ಇನ್ನು ನೀರು ಕುಡಿದ ಕಾರುಗಳು. 2022ರ ಸೆಪ್ಟೆಂಬರ್ ಮಳೆಯಲ್ಲಿ ಯಮಲೂರು, ಬೆಳ್ಳಂದೂರು ಕಡೆ ಬೇಸ್‌ಮೆಂಟುಗಳಲ್ಲಿ ಮುಳುಗಿದ ಗಾಡಿಗಳೆಲ್ಲ ಗುಜರಿ ಸೇರಿದವು ಅಂತ ನಾನಂತೂ ನಂಬುವುದಿಲ್ಲ. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ನೋಡಿ, ತುದಿಯಲ್ಲಿ ಕೆಸರಿನ ಕಲೆ ಇರಬಹುದು. ಸ್ಟೆಪ್ನಿ ಎತ್ತಿ ಕೆಳಗೆ ಮರಳಿದೆಯಾ, ಸೀಟಿನ ಕೆಳಗಿನ ಕಂಬಿ ತುಕ್ಕು ಹಿಡಿದಿದೆಯಾ ನೋಡಿ. ಮೀಟರ್ 30,000 ಕಿ.ಮೀ. ತೋರಿಸುತ್ತಿದ್ದು ಕ್ಲಚ್ ಪೆಡಲಿನ ರಬ್ಬರ್ ಸವೆದು ನುಣ್ಣಗಾಗಿದ್ದರೆ ಯಾರನ್ನು ನಂಬಬೇಕು ಅನ್ನೋದು ಗೊತ್ತಲ್ವಾ?

ದೆಹಲಿ, ಹರಿಯಾಣ ನಂಬರಿನ ಕಾರು ಅಗ್ಗವಾಗಿ ಕಾಣುವುದು ನಿಜ, ಅಲ್ಲಿ 10 ವರ್ಷ ದಾಟಿದ ಡೀಸೆಲ್ ಗಾಡಿಗಳ ಮೇಲಿನ ನಿರ್ಬಂಧ ಅದಕ್ಕೆ ಒಂದು ಕಾರಣ. ಆದರೆ ಇಲ್ಲಿ ಲೈಫ್ ಟ್ಯಾಕ್ಸ್ ಕಟ್ಟಿ ಕೆಎ ನಂಬರ್ ಮಾಡಿಸುವಷ್ಟರಲ್ಲಿ ಉಳಿದ ದುಡ್ಡು ಕರಗಿರುತ್ತದೆ.

ಇಷ್ಟಕ್ಕೂ ಕಾನೂನು ಇಲ್ಲವೆಂದಲ್ಲ. 2023ರ ಏಪ್ರಿಲ್‌ನಿಂದ ಹಳೇ ವಾಹನ ಮಾರುವ ಡೀಲರ್ ನೋಂದಣಿ ಪ್ರಾಧಿಕಾರದ ಅನುಮತಿ ಪಡೆದಿರಬೇಕು, ಗಾಡಿ ತನ್ನ ಕೈಗೆ ಬಂದದ್ದನ್ನು ಆನ್‌ಲೈನ್‌ನಲ್ಲಿ ತಿಳಿಸಬೇಕು, ಅಲ್ಲಿಂದ ಮುಂದೆ ಅವನೇ ಮಾಲೀಕನೆಂದು ಲೆಕ್ಕ. ನಾನು ವಿಚಾರಿಸಿದ ಅಂಗಡಿಯವರೊಬ್ಬರು ಅನುಮತಿ ಪತ್ರ ಅಂದಿದ್ದಕ್ಕೆ ಜಿಎಸ್‌ಟಿ ಸರ್ಟಿಫಿಕೇಟ್ ತೋರಿಸಿದರು! ಸಾರಿಗೆ ಇಲಾಖೆಯವರು ಅನುಮತಿ ಇರುವ ಡೀಲರ್‌ಗಳ ಪಟ್ಟಿಯನ್ನು ಪ್ರತಿ ಆರ್‌ಟಿಒ ಕಚೇರಿಯ ಬಾಗಿಲಲ್ಲಿ ಕನ್ನಡದಲ್ಲಿ ಅಂಟಿಸಲಿ. ಪಟ್ಟಿಯಲ್ಲಿ ಇಲ್ಲದವರ ಅಂಗಡಿಗೆ ತಿಂಗಳಿಗೊಮ್ಮೆಯಾದರೂ ಹೋಗಿ ಬರಲಿ.

– ಓದುಗ, ವಿಜಯನಗರ, ಬೆಂಗಳೂರು